ಎಲೆಕೋಸು ಬಯಲುಸೀಮೆಯಲ್ಲಿ ಬೀಜ ಕಟ್ಟದಿರುವುದೇಕೆ?

ಕೋಲಾರ, ಬೆಳಗಾವಿ ಮೊದಲಾದ ಜಿಲ್ಲೆಗಳಲ್ಲಿ ಎಲೆಕೋಸಿನ ಬೇಸಾಯವು ಹೇರಳವಾಗಿ ನಡೆಯುತ್ತಿರುವುದು ಗ್ರಾಮಗಳ ಯಜಮಾನರಿಗೂ ಜಮೀನುದಾರರಿಗೂ ತಿಳಿದೇ ಇರುವುದು. ಆದರೆ ಇದರ ಬೀಜವನ್ನು ವರ್ಷವರ್ಷವೂ ಹಣ ತೆತ್ತು ಹೊರಗಿನಿಂದ ತರಿಸಬೇಕಾಗಿದೆ. “ರಾಗಿ, ಅವರೆ, ಬದನೆಗಳ ಬೀಜವನ್ನು ನಮ್ಮ ಹೊಲದಲ್ಲಿಯೇ ತೆಗೆದಿಡುವೆವು, ಕೋಸಿನದನ್ನೇಕೆ ತೆಗೆಯಬಾರದು?” ಎಂದು ಅನೇಕರು ಪ್ರಶ್ನಿಸಿರುತ್ತಾರೆ.

ನನ್ನ ಸೇವೆಯ ಮೊದಲ ವರ್ಷಗಳಲ್ಲಿ ಒಬ್ಬ ಜಮೀನುದಾರರು ಇದನ್ನೇ ಕೇಳಿದರು. ಚಳಿಯಿಲ್ಲದೆ ಕೋಸು ಹೂ ಬಿಡದೆಂಬುದನ್ನು ಓದಿದ್ದ ನಾನು, ಬೀಜವನ್ನು ನೆನೆಸಿ ಕೆಲವು ವಾರ ಶೀತಲಪೆಟ್ಟಿಗೆಯಲ್ಲಿಟ್ಟು ಅನಂತರ ಬಿತ್ತುವಂತೆ ಹೇಳಿದೆನು. ಅವರು ಹಾಗೆಯೇ ಮಾಡಿ, ಗಡ್ಡೆಗಳನ್ನು ಕೀಳದೆ ನಾಲ್ಕು ತಿಂಗಳು ನೀರು ಹಾಯಿಸಿದರು. ಗಡ್ಡೆಗಳು ಒಡೆದು ಕೊಳೆತವೇ ಹೊರತು ಒಂದು ಹೂವೂ ಬರಲಿಲ್ಲ. ತಪ್ಪು ನನ್ನದಾಗಿದ್ದಿತು. ಅಂತಹ ನಷ್ಟವು ಇನ್ನೊಬ್ಬರಿಗೆ ಆಗದಿರಲೆಂದು ಇದರ ಕಾರಣವನ್ನು ಇಲ್ಲಿ ವಿವರಿಸುವೆನು.

ಸಸ್ಯದ ದೇಹವು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದಾದುದು. ಪ್ರತಿಯೊಂದು ಕೋಶದ ನಡುವಣ ಬೀಜಕೇಂದ್ರದಲ್ಲಿ ಡಿ.ಎನ್.ಎ. ಎಂಬ ಅತಿ ಉದ್ದವಾದ ನೂಲು ಇರುವುದು. ಎಲೆ, ಬೇರು, ಹೂವುಗಳನ್ನು ಮಾಡುವ ಆಜ್ಞೆಗಳೆಲ್ಲವೂ ಇದರಲ್ಲಿ ಬರೆದಿಟ್ಟಂತಿವೆ; ಒಂದೊಂದು ಆಜ್ಞೆಗೆ ಜೀನ್ ಎಂದು ಹೆಸರು. ಈ ನೂಲು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನುಗಳು ಸೇರಿ ಒಂದು ಉಂಡೆಯಾಗುವುದು. ನೂಲಿನ 147 ಮೆಟ್ಟಿಲುಗಳಷ್ಟು ಭಾಗವು ಅದರ ಸುತ್ತ ಸುಮಾರು ಒಂದೂಮುಕ್ಕಾಲು ಸುತ್ತು ಬರುವುದು. ಹಿಸ್ಟೋನುಗಳನ್ನು 1884ರಲ್ಲಿ ಮೊದಲು ಕಂಡುಹಿಡಿದವರು ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಎಂಬ ಪಂಡಿತರು. ಅವು ಜೀನುಗಳನ್ನು ಆಳುವುದರಲ್ಲಿ ಭಾಗಿಗಳೆಂಬುದಕ್ಕೆ ಸೂಚನೆಯು 1964ರಲ್ಲಿ ಅಮೆರಿಕದ ವಿನ್ಸೆಂಟ್ ಆಲ್‌ಫ್ರೇ ಅವರ ಕೆಲಸದಿಂದ ದೊರೆಯಿತು.

ಊರಿನ ದಫ್ತರದ ಉಪಮಾನದಿಂದ ಇದು ಸುಲಭವಾಗಿ ತಿಳಿಯುವುದು. ಕಡತಗಳೆಲ್ಲವೂ ದಫ್ತರದಲ್ಲಿಯೇ ಇದ್ದರೂ ಕಟ್ಟು ಬಿಚ್ಚಿದುದನ್ನು ಮಾತ್ರ ಓದಬಹುದು. ಬಿಗಿದು ಕಟ್ಟಿ ಮೊಹರು ಹಾಕಿದುದನ್ನು ಓದಲಾಗದು. ಬರೆಹವು ಎರಡರಲ್ಲಿಯೂ ಅಳಿಯದೆ ಹಾಗೆಯೇ ಇರುವುದು. ಹಿಸ್ಟೋನುಗಳಿಂದ ಹೊರಚಾಚಿದ ಬಾಲಗಳಿಗೆ ಅಂಟುವ ಸಣ್ಣ ರಾಸಾಯನಿಕ ಗುರುತುಗಳೇ ಈ ಮೊಹರುಗಳು. ಅಸಿಟೈಲ್ ಎಂಬ ಗುರುತು ಅಂಟಿದರೆ ನೂಲಿನ ಹಿಡಿತವು ಸಡಿಲವಾಗಿ ಜೀನು ಓದಲ್ಪಡುವುದು. ಮಿಥೈಲ್ ಎಂಬ ಗುರುತಿನ ಫಲವು ಅದು ಅಂಟುವ ಸ್ಥಾನವನ್ನು ಅವಲಂಬಿಸಿದೆ: ಮೂರನೆಯ ಬಗೆಯ ಹಿಸ್ಟೋನಿನ ಬಾಲದ 4ನೆಯ ಸ್ಥಾನದಲ್ಲಿದ್ದರೆ ಅದು ತೆರೆದ ಜೀನಿನ ಚಿಹ್ನೆ, 27ನೆಯ ಸ್ಥಾನದಲ್ಲಿ ಮೂರು ಮಿಥೈಲುಗಳು ಸೇರಿದರೆ ಜೀನು ಮುಚ್ಚಿಹೋಗುವುದು.

ಇನ್ನು ಕೋಸಿನ ವಿಷಯಕ್ಕೆ ಬರೋಣ. ಕೋಸಿನ ಹತ್ತಿರದ ಬಂಧುವಾದ ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಕಳೆಯಲ್ಲಿ ಈ ಸಂಗತಿಯನ್ನು ಬಹಳವಾಗಿ ಶೋಧಿಸಿರುತ್ತಾರೆ. ಅದರಲ್ಲಿ ಎಫ್.ಎಲ್.ಸಿ. ಎಂಬ ಜೀನು ಹೂ ಬಿಡುವುದನ್ನು ತಡೆಯುತ್ತಿರುವುದು. ವಾರಗಟ್ಟಲೆ ಚಳಿ ಬಿದ್ದಾಗ ವಿ.ಐ.ಎನ್.3 ಎಂಬ ಪ್ರೋಟೀನು ಮೆಲ್ಲಮೆಲ್ಲನೆ ಹುಟ್ಟಿ, ಬೇರೆ ಕೆಲವು ಪ್ರೋಟೀನುಗಳೊಡನೆ ಕೂಡಿ, ಈ ತಡೆಯ ಜೀನಿನ ಹಿಸ್ಟೋನುಗಳ 27ನೆಯ ಸ್ಥಾನಕ್ಕೆ ಮೊಹರು ಹಾಕಿಸುವುದು. ಒಂದೊಂದು ಕೋಶದಲ್ಲಿ ಜೀನು ಒಂದೋ ತೆರೆದಿರುವುದು, ಇಲ್ಲವೇ ಪೂರ್ಣವಾಗಿ ಮುಚ್ಚಿರುವುದು. ಚಳಿಯ ದಿನಗಳು ಹೆಚ್ಚಿದಂತೆ ಮುಚ್ಚಿದ ಕೋಶಗಳ ಸಂಖ್ಯೆಯು ಹೆಚ್ಚುವುದು. ಆದುದರಿಂದಲೇ ಎರಡು ಮೂರು ರಾತ್ರಿಯ ಚಳಿಯು ಸಾಲದು. ಚಳಿ ಕಳೆದ ಮೇಲೆಯೂ, ಕೋಶವು ಒಡೆದು ಎರಡಾದಾಗ ಮೊಹರು ಎರಡಕ್ಕೂ ಬರುವುದು. ಹೀಗೆ ಸಸ್ಯವು ಕಳೆದ ಚಳಿಯನ್ನು ನೆನಪಿಟ್ಟು ವಸಂತದಲ್ಲಿ ಹೂ ಬಿಡುವುದು. ಕೋಸಿನಲ್ಲಿಯೂ ಇದೇ ಜಾತಿಯ ಜೀನುಗಳಿವೆ.

ಹೊಸ ಬೀಜವು ಕಟ್ಟುವಾಗ ಈ ಮೊಹರು ಅಳಿಸಿಹೋಗುವುದು. ಪ್ರತಿ ಪೀಳಿಗೆಯೂ ಚಳಿಯನ್ನು ಹೊಸದಾಗಿ ಅನುಭವಿಸಬೇಕು. ಇದನ್ನು ಅರಿಯದೆ, ಸೋವಿಯತ್ ರಷ್ಯದಲ್ಲಿ ಲೈಸೆಂಕೋ ಎಂಬವರು ಚಳಿಯಿಂದ ಪಡೆದ ಗುಣವು ವಂಶಕ್ಕೆ ಇಳಿಯುವುದೆಂದು ಸಾರಿದರು. 1948ರಲ್ಲಿ ಅವರ ಮತಕ್ಕೆ ಸರ್ಕಾರದ ಬೆಂಬಲ ದೊರೆತು ಆ ದೇಶದ ತಳಿಶಾಸ್ತ್ರಕ್ಕೆ ಬಹುಕಾಲದ ಹಾನಿಯಾಯಿತು.

ಚಳಿಗಾಲದ ಗೋಧಿಯ ಮೊಳೆತ ಬೀಜವೇ ಚಳಿಯನ್ನು ಗ್ರಹಿಸಬಲ್ಲುದು. ಎಲೆಕೋಸಾದರೋ ಗಿಡವು ತಕ್ಕಷ್ಟು ಬಲಿತ ಮೇಲೆಯೇ ಗ್ರಹಿಸುವುದು. ನನ್ನ ಸಲಹೆಯು ಕೆಟ್ಟುದು ಇದರಿಂದಲೇ. ಬಲಿತ ಗಿಡಕ್ಕೆ ಸುಮಾರು 4ರಿಂದ 10 ಡಿಗ್ರಿ ಸೆಂಟಿಗ್ರೇಡ್ ಚಳಿಯು ಅನೇಕ ವಾರ ಬೇಕು. ಬೆಂಗಳೂರಿನ ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುವುವು. ಹಿಮಾಚಲದ ಕುಲ್ಲು ಕಣಿವೆಯಂತಹ ಸ್ಥಳಗಳಲ್ಲಿ ಬೀಜೋತ್ಪಾದನೆ ನಡೆಯುವುದು ಈ ಕಾರಣದಿಂದ.

ಆದುದರಿಂದ ಗಮನದಲ್ಲಿಡಬೇಕಾದ ಅಂಶಗಳು ಇವು:

1. ಬಯಲುಸೀಮೆಯಲ್ಲಿ ಬೀಜದ ಆಸೆಯಿಂದ ಎಲೆಕೋಸನ್ನು ಹೊಲದಲ್ಲಿ ಉಳಿಸಬಾರದು. ಗಡ್ಡೆ ಗಟ್ಟಿಯಾದೊಡನೆ ಕಿತ್ತು ಮಾರುವುದೇ ಲಾಭ.

2. ಬೀಜವನ್ನು ತಣ್ಣಗಿಟ್ಟು ಬಿತ್ತುವುದರಿಂದ ಕೋಸು ಹೂ ಬಿಡದು.

3. ಮೂಲಂಗಿಯಲ್ಲಿ ಏಷ್ಯದ ತಳಿಗಳು ಬಯಲಿನಲ್ಲಿಯೂ ಬೀಜ ಕೊಡುವುವು. ಯೂರೋಪಿನ ತಳಿಗಳಿಗೆ ಚಳಿಯು ಬೇಕು. ತಳಿಯನ್ನು ವಿಚಾರಿಸಿಯೇ ಬೀಜಕ್ಕೆ ಬಿಡತಕ್ಕದ್ದು.

4. ಕೊಳ್ಳುವ ಬೀಜದ ಚೀಟಿಯಲ್ಲಿ ತಳಿ, ಪರೀಕ್ಷೆಯ ದಿನಾಂಕ, ಮೊಳಕೆಯ ಪ್ರಮಾಣಗಳನ್ನು ನೋಡಿ, ಒದ್ದೆ ಬಟ್ಟೆಯಲ್ಲಿ ನೂರು ಬೀಜಗಳನ್ನು ಮೊಳೆಯಿಸಿ ಪರೀಕ್ಷಿಸಬೇಕು. ಚೀಟಿಯನ್ನೂ ರಸೀದಿಯನ್ನೂ ಬೆಳೆ ಕೈಗೆ ಬರುವವರೆಗೆ ಜೋಪಾನವಾಗಿಡಬೇಕು.

ಗ್ರಾಮದ ಮುಖಂಡರು ಈ ಸಂಗತಿಗಳನ್ನು ಸಣ್ಣ ಹಿಡುವಳಿದಾರರಿಗೂ ತಿಳಿಯಹೇಳಿದರೆ, ಬಾರದ ಹೂವಿಗಾಗಿ ನೀರನ್ನೂ ನೆಲವನ್ನೂ ಕಳೆದುಕೊಳ್ಳುವುದು ತಪ್ಪುವುದು.