ಒಂದು ಹಲಗೆ, ಹಲವು ದೇಶ

ಬಡಗಿಯ ಅಂಗಡಿಯಲ್ಲಿ ಗೋಡೆಗೊರಗಿಸಿಟ್ಟ ಪ್ಲೈವುಡ್ ಹಲಗೆಯ ಅಂಚನ್ನು ಒಮ್ಮೆ ನಿಂತು ನೋಡಿದವರಿಗೆ, ನಾರು ಒಂದಕ್ಕೊಂದು ಅಡ್ಡಲಾಗುವಂತೆ ಪೇರಿಸಿ ಅಂಟು ಹಚ್ಚಿ ಒತ್ತಿದ ಆ ತೆಳುಹಾಳೆಗಳೆಲ್ಲ ಒಂದೇ ಕಾಡಿನವಾಗಿರಲಿಕ್ಕಿಲ್ಲವೆಂಬ ಶಂಕೆ ಮೂಡಿದ್ದರೆ ಅದು ಅಕಾರಣವಲ್ಲ. ಮುಖದ ಹಾಳೆ ಆಫ್ರಿಕದ ಒಕುಮೆ ಮರದ್ದು, ಒಡಲಿನವು ಚೀನದ ಪಾಪ್ಲರ್ ಮರದವು, ಒತ್ತಿದ ಕಾರ್ಖಾನೆ ಮೂರನೆಯದೊಂದು ನಾಡಿನದು ಎಂಬಂತಿರುವುದು ಈ ವಾಣಿಜ್ಯದಲ್ಲಿ ಉಂಟು. ಸುಂಕದ ಕಟ್ಟೆಯ ಕಡತಕ್ಕಾದರೋ ಒಂದೇ ದೇಶದ ಹೆಸರು ಬೇಕು.

ಅಮೆರಿಕ ಸಂಯುಕ್ತ ಸಂಸ್ಥಾನದ ಆಮದಿನ ಪಟ್ಟಿಯನ್ನೇ ನೋಡೋಣ. ಗಟ್ಟಿಮರದ ಪ್ಲೈವುಡ್ಡನ್ನು ಅಲ್ಲಿಗೆ ಕಳುಹಿಸುವವರಲ್ಲಿ ಬಹುಕಾಲ ಅಗ್ರಸ್ಥಾನದಲ್ಲಿದ್ದುದು ಚೀನ. ಉತ್ಪಾದನೆಯ ನ್ಯಾಯಬೆಲೆಗಿಂತ ಅಗ್ಗವಾಗಿ ಮಾರುತ್ತಿದೆಯೆಂಬ ಆರೋಪದ ವಿಚಾರಣೆ ಮುಗಿದು, 2018ರ ಜನವರಿಯಲ್ಲಿ ಅದರ ಹಲಗೆಯ ಮೇಲೆ ಶೇಕಡಾ 183ಕ್ಕೂ ಮಿಗಿಲಾದ ಪ್ರತಿಬಂಧಕ ಸುಂಕ ಜಾರಿಗೆ ಬಂದ ತರುವಾಯ ಅಲ್ಲಿಂದ ಬರುವ ಆಮದಿನ ಮೌಲ್ಯ ಕುಸಿದು, ವಿಯೆಟ್ನಾಮಿನ ಅಂಕಿ ಏರತೊಡಗಿತು. ಚೀನದಿಂದ ತಂದ ಹಾಳೆಗಳನ್ನು ವಿಯೆಟ್ನಾಮಿನಲ್ಲಿ ಒತ್ತಿ ಕಳುಹಿಸುವ ಕೆಲವು ಬಗೆಯ ಹಲಗೆ ಸುಂಕವನ್ನು ತಪ್ಪಿಸಿಕೊಳ್ಳುವ ಮಾರ್ಗವೇ ಸರಿಯೆಂದು ಅಮೆರಿಕದ ವಾಣಿಜ್ಯ ಇಲಾಖೆ 2023ರಲ್ಲಿ ತೀರ್ಮಾನಿಸಿತು. ಪಟ್ಟಿಯಲ್ಲಿ ದೇಶ ಬದಲಾದಷ್ಟು ಮಟ್ಟಿಗೆ ಮರ ಬದಲಾಗಿರಲಿಲ್ಲ!

ಇಂಡೋನೇಷ್ಯದ ಕಥೆ ಬೇರೆ. ದಿಮ್ಮಿಗಳ ರಫ್ತನ್ನು 1980ರ ದಶಕದಲ್ಲಿ ನಿಷೇಧಿಸಿ ತನ್ನ ನೆಲದಲ್ಲಿಯೇ ಕಾರ್ಖಾನೆಗಳನ್ನು ಬೆಳೆಸಿದ ಆ ದ್ವೀಪರಾಷ್ಟ್ರದ ತೆಳ್ಳನೆಯ ಹಲಗೆ, ಅಮೆರಿಕದಲ್ಲಿ ಚಕ್ರದ ಮೇಲೆ ಸಂಚರಿಸುವ ವಿಹಾರಗೃಹಗಳ ಗೋಡೆಗೆ ಸಲ್ಲುತ್ತದೆ. ಜನರು ಪ್ರವಾಸದ ಗಾಡಿ ಕೊಳ್ಳುವ ಉತ್ಸಾಹ ಕುಗ್ಗಿದರೆ ಜಕಾರ್ತದ ರಫ್ತಿನ ಮೌಲ್ಯವೂ ಕುಗ್ಗೀತು.

ರಷ್ಯದ್ದು ಬರ್ಚ್, ನಮ್ಮ ಪ್ರಾಚೀನರು ಯಾವುದರ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದರೋ ಆ ಹಿಮಾಲಯದ ಭೂರ್ಜವೃಕ್ಷದ ದಾಯಾದಿ. ಹದಿನೆಂಟು ಮಿಲಿಮೀಟರು ದಪ್ಪದ ಹಲಗೆಯಲ್ಲಿ ಹದಿಮೂರು ಹಾಳೆಗಳು. ತೂಕವೂ ಹೆಚ್ಚು, ಬಿಗಿಯೂ ಹೆಚ್ಚು. ಎಂಟಡಿ ಉದ್ದ, ನಾಲ್ಕಡಿ ಅಗಲ, ಇದೇ ದಪ್ಪದ ಹಲಗೆಗಳು ಸುಮಾರು ಹತ್ತೊಂಬತ್ತು ಕೂಡಿದರೆ ಒಂದು ಘನ ಮೀಟರು. ಅಷ್ಟೇ ಘನ ಮೀಟರಿನ ಪಾಪ್ಲರ್ ಹಲಗೆಗೆ ಬರ್ಚಿನ ಕ್ರಯ ಸಿಗದಾದಕಾರಣ, ಕಡಮೆ ಸರಕು ಕಳುಹಿಸಿದ ದೇಶ ಮೌಲ್ಯದ ಪಟ್ಟಿಯಲ್ಲಿ ಮೇಲೇರಿ ಕುಳಿತಿರುವುದು ಸಂಭವವೇ. ಮೌಲ್ಯವನ್ನು ಪರಿಮಾಣದಿಂದ ಭಾಗಿಸಿ ನೋಡದವನು ಇಲ್ಲಿ ಮೋಸಹೋಗುತ್ತಾನೆ.

ಇನ್ನೊಂದು ಸೂಕ್ಷ್ಮವುಂಟು. ಅಮೆರಿಕದ ಸುಂಕಮೌಲ್ಯದಲ್ಲಿ ಸಮುದ್ರಯಾನದ ಬಾಡಿಗೆ, ವಿಮೆಗಳು ಸೇರುವುದಿಲ್ಲ. ಭಾರತದಲ್ಲಿ ಅವೆರಡನ್ನೂ ಸೇರಿಸಿಯೇ ಎಣಿಸುತ್ತಾರೆ. ಒಂದೇ ಬಂದರಿನಿಂದ ಹೊರಟ ಒಂದೇ ಬಗೆಯ ಹಲಗೆ ಈ ಎರಡು ದೇಶಗಳ ಪುಸ್ತಕಗಳಲ್ಲಿ ಬೇರೆ ಬೇರೆ ಬೆಲೆ ಹೊತ್ತು ನಿಲ್ಲುವುದು ಹೀಗೆ. ಸುಂಕವಂತೂ ಎರಡರಲ್ಲಿಯೂ ಸೇರದು. ಉಕ್ರೇನಿನ ಯುದ್ಧ ಆರಂಭವಾದ ತರುವಾಯ, 2022ರಲ್ಲಿ, ಅಮೆರಿಕವು ರಷ್ಯದ ಬರ್ಚ್ ಹಲಗೆಯ ಮೇಲೆ ಶೇಕಡಾ 50ರ ಸುಂಕ ಹೇರಿದಾಗ ಕೊಳ್ಳುವ ಬಡಗಿಯ ಕಿಸೆಗೆ ಬಿದ್ದ ಆ ಭಾರದ ಒಂದು ಕಾಸೂ ಆಮದಿನ ಮೌಲ್ಯವೆಂಬ ಅಂಕಣದಲ್ಲಿ ಕಾಣಿಸಲಿಲ್ಲ.