ಪತ್ರಕರ್ತ ಆಗಬೇಕೇನಪ್ಪಾ? ಮೊದಲು ಬಸ್‌ಸ್ಟ್ಯಾಂಡಿಗೆ ಬಾ!

"ಏನ್ರೀ, ಇವತ್ತು ಪೇಪರಿನಾಗ ಏನೈತಿ?"

ಇಳಕಲ್ಲಿನ ಸೀರೆ ಅಂಗಡಿಯಿಂದ ಬಾಗಲಕೋಟೆಯ ನವನಗರದವರೆಗೆ ಸಂಜೆಯಾದರೆ ಇದೇ ಮಾತು. ಪೇಪರ್ ಓದುವವರಿಗೆ ನಮ್ಮಲ್ಲಿ ಬರವಿಲ್ಲ. ಬರೆಯುವವರನ್ನು ತಯಾರು ಮಾಡುವವರು ಯಾರು?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ತೆಗೆದಾಗ ಈ ವಿದ್ಯೆ ಕಲಿಸುವ ಶಾಲೆಯೇ ಇರಲಿಲ್ಲ. ಅಮೆರಿಕದ ಮಿಸೌರಿಯಲ್ಲಿ ಅಂಥ ಶಾಲೆ ತೆರೆದದ್ದು 1908ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿಗೆ ಆ ವಿಷಯ ಬಂದದ್ದು 1951ರಲ್ಲಿ. ಈಗ ರಾಜ್ಯದ ಹಲವು ಕಾಲೇಜುಗಳಲ್ಲಿ ಬಿ.ಎ.ಗೆ ಪತ್ರಿಕೋದ್ಯಮವೂ ಒಂದು ವಿಷಯ.

ಅಮೆರಿಕದಲ್ಲಿ ಇನ್ನೊಂದು ಪದ್ಧತಿಯುಂಟು, ಸಮುದಾಯ ಕಾಲೇಜು. 1901ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಶುರುವಾಯಿತು. ಹುಡುಗರು ಮನೆಯಲ್ಲೇ ಉಂಡು, ಕಡಿಮೆ ಖರ್ಚಿನಲ್ಲಿ ಎರಡು ವರ್ಷ ಓದುತ್ತಾರೆ. ಅಂಥ ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ಪೇಪರ್ ನಡೆಸುತ್ತಾರೆ. ಊರೇ ಅವರ ಪಾಠಶಾಲೆ.

ನಮಗೇನು ಕಡಿಮೆ? ಬಾದಾಮಿಯ ಮೂರನೆಯ ಗುಹೆಗೆ ಹೋಗಿ ನೋಡಿ. ಮಾಡಿಸಿದವನು ಮಂಗಲೇಶ, ಕಾಲ ಶಕ 500ರ ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578, ಪುಣ್ಯ ಅಣ್ಣ ಕೀರ್ತಿವರ್ಮನಿಗೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಎಲ್ಲವನ್ನೂ ಕಲ್ಲಿನ ಮೇಲೆ ಕೊರೆದಿದ್ದಾರೆ. ವರದಿಗಾರನಿಗೆ ಇದಕ್ಕಿಂತ ಮೊದಲ ಪಾಠ ಬೇಕೇ?

ಎರಡನೆಯ ಪಾಠ ಬಾಗಲಕೋಟೆಯದು. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಲೆಕ್ಕದಲ್ಲಿ 4.656 ಮೀಟರ್, ಅಷ್ಟೇ. ಆದರೆ ಯಾರ ಹೊಲ, ಯಾರ ಮನೆ, ಯಾರ ಅಂಗಡಿ? ಒಮ್ಮೆ ಮನೆಮಾರು ಮುಳುಗಿಸಿಕೊಂಡ ಊರಿಗೆ ಆ ದಶಾಂಶವನ್ನು ಬಿಡಿಸಿ ಹೇಳುವವನೇ ಪತ್ರಕರ್ತ.

ಮೂರನೆಯದು ಇಳಕಲ್. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವ ನೇಕಾರನಿಗೆ ಸಿಗುವ ಕೂಲಿ ಎಷ್ಟು, ಗಿರಾಕಿ ಕೊಡುವ ರೊಕ್ಕ ಎಷ್ಟು? ಎರಡನ್ನೂ ಕೇಳಿ ಬರೆಯಲಿ. ಅಂಗಡಿಕಾರರೇ, ಹುಡುಗ ಬಂದು ಕೇಳಿದರೆ "ನಿನಗ್ಯಾಕ ಬೇಕೋ ತಮ್ಮಾ" ಎಂದು ಸಾಗಹಾಕಬೇಡಿ.

ಇನ್ನು ಹುನಗುಂದದಲ್ಲಿ ಸಂಜೆ ಬಸ್ಸು ತಪ್ಪಿತೆನ್ನಿ. "ಬಸ್ ಬರಲಿಲ್ಲ" ಎಂದು ಬರೆದರೆ ಅದು ಗೊಣಗಾಟ. ತಿಂಗಳಲ್ಲಿ ಎಷ್ಟು ದಿನ ಬರಲಿಲ್ಲ, ಏಕೆ ಎಂದು ಬರೆದರೆ ಸುದ್ದಿ. 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದು ಇದಕ್ಕೇ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಬಂದ ಮೇಲೆ ಡಿಪೋದವರನ್ನೂ ಕೇಳಬೇಕು, ಅವರ ಮಾತನ್ನೂ ಹಾಕಬೇಕು. ಒಂದೇ ಕಿವಿಯಲ್ಲಿ ಕೇಳಿದ್ದು ಸುದ್ದಿಯಲ್ಲ, ಚಾಡಿ.

ಮೊಬೈಲಿನಲ್ಲಿ ಗಾಳಿಸುದ್ದಿ ನಿಮಿಷಕ್ಕೊಂದು ಬರುವ ಈ ದಿನಗಳಲ್ಲಿ ನಾಲ್ಕು ಜನರನ್ನು ಕಂಡು, ಕೇಳಿ, ತಾಳೆ ನೋಡಿ ಬರೆಯುವ ಹುಡುಗ ಹುಡುಗಿಯರು ಪ್ರತಿ ಊರಿಗೂ ಬೇಕು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರಿಗೆ ನಮ್ಮ ಬಸ್ಸಿನ ಚಿಂತೆ ಎಲ್ಲಿಂದ ಬಂತು?

ಕಾಲೇಜಿನವರು ವಾರಕ್ಕೊಂದು ದಿನ ಪುಸ್ತಕ ಮುಚ್ಚಿಸಿ, ಮಕ್ಕಳನ್ನು ಸಂತೆಗೆ, ಬಸ್‌ಸ್ಟ್ಯಾಂಡಿಗೆ, ಗ್ರಾಮಸಭೆಗೆ ಕಳಿಸಲಿ. ಸಂಬಂಧಪಟ್ಟವರು ಇತ್ತ ಗಮನ ಕೊಡುವರೇ?