ಟ್ಯೂಬ್ ಆಂಪಿನ ‘ಸ್ಸ್‌’ ಸದ್ದು: ಎಲ್ಲಿ ಹುಟ್ಟತ್ತೆ, ಎಷ್ಟು ಇಳಿಸಬಹುದು?

ಹೈ-ಗೇನ್ ಟ್ಯೂಬ್ ಆಂಪ್ ಬಳಸಿದ ಗಿಟಾರಿಸ್ಟ್‌ಗಳಿಗೆಲ್ಲ ಈ ಸದ್ದು ಪರಿಚಯ. ನುಡಿಸ್ತಾ ಇರುವಾಗ ಕೇಳಿಸಲ್ಲ. ಹಾಡಿನ ನಡುವೆ ಕೈ ನಿಂತ ಕೂಡಲೇ ಸ್ಪೀಕರಿನಿಂದ ‘ಸ್ಸ್‌ಸ್‌’ ಅಂತ ಸುರಿಯೋಕೆ ಶುರುವಾಗತ್ತೆ. ಆಗ ಹೆಚ್ಚಿನವರು ಮಾಡೋ ಮೊದಲ ಕೆಲಸ ಅಂದ್ರೆ ಇರೋ ಟ್ಯೂಬನ್ನೆಲ್ಲ ಕಿತ್ತು ಹೊಸ ಸೆಟ್ ತರೋದು. ದುಡ್ಡು ಖರ್ಚಾಗತ್ತೆ, ಸದ್ದು ಮಾತ್ರ ಅಲ್ಲೇ ಇರತ್ತೆ.

ಇಲ್ಲಿ ನಾವು ಹೇಳಹೊರಟಿರೋದು ಒಂದೇ ಮಾತು: ಹಿಸ್ ಎಲ್ಲಿ ಹುಟ್ತಿದೆ ಅಂತ ಮೊದಲು ಹುಡುಕಿ, ಆಮೇಲೆ ಕೈ ಹಾಕಿ. ಹುಡುಕೋಕೆ ಬೇಕಾದ ಸಲಕರಣೆ ಆಂಪಿನ ಮುಂದೆಯೇ ಇದೆ, ಅದರ ನಾಬ್‌ಗಳು. ಉದಾಹರಣೆಗೆ ಮಾರ್ಷಲ್ ಜೆಸಿಎಂ800 ಸರಣಿಯ 2203 ಆಂಪನ್ನು ತಗೊಳ್ಳೋಣ. 100 ವ್ಯಾಟ್, ಪ್ರೀಆಂಪಿನಲ್ಲಿ ಮೂರು 12ಎಎಕ್ಸ್7 ಟ್ಯೂಬ್, ಪವರ್ ಆಂಪಿನಲ್ಲಿ ನಾಲ್ಕು ಇಎಲ್34. ಇದರ ಸರ್ಕ್ಯೂಟನ್ನು ಅರ್ಥ ಮಾಡಿಕೊಂಡರೆ ಆಮೇಲೆ ಬಂದ ಎಷ್ಟೋ ಹೈ-ಗೇನ್ ಆಂಪ್‌ಗಳು ಅರ್ಥವಾಗುತ್ತವೆ.

ಮೊದಲು ಕಿವಿಗೊಟ್ಟು ಕೇಳಿ: ಹಿಸ್ಸೋ, ಹಮ್ಮೋ?

‘ಗುಂಯ್’ ಅನ್ನೋ ದಪ್ಪ ಸದ್ದು ಹಮ್. ನಮ್ಮ ಮೇನ್ಸ್ 50 ಹರ್ಟ್ಸ್, ಹಾಗಾಗಿ ಹೀಟರ್ ವೈರಿನಿಂದ ಬರೋದು ಸಾಮಾನ್ಯವಾಗಿ 50 ಹರ್ಟ್ಸ್, ರೆಕ್ಟಿಫೈಯರ್ ದಾಟಿದ ರಿಪಲ್ 100 ಹರ್ಟ್ಸ್. ಎರಡಕ್ಕೂ ಒಂದು ಖಚಿತವಾದ ಶ್ರುತಿ ಇರತ್ತೆ. ಹಿಸ್‌ಗೆ ಶ್ರುತಿಯೇ ಇಲ್ಲ, ಎಲ್ಲ ಫ್ರೀಕ್ವೆನ್ಸಿಗಳೂ ಅದರಲ್ಲಿ ಬೆರೆತಿರುತ್ತವೆ. ಇನ್ನೊಂದು ಜಾತಿ ‘ಚಟಪಟ’: ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಬಿಟ್ಟುಬಿಟ್ಟು ಬರೋ ಸದ್ದು. ಅದು ಹೆಚ್ಚಾಗಿ ಹಾಳಾಗ್ತಿರೋ ರೆಸಿಸ್ಟರ್ ಅಥವಾ ಟ್ಯೂಬಿನ ಲಕ್ಷಣ.

ಹಮ್ ಇದ್ದರೆ ಫಿಲ್ಟರ್ ಕೆಪಾಸಿಟರ್, ಹೀಟರ್ ವೈರಿಂಗ್, ಗ್ರೌಂಡಿಂಗ್ ಕಡೆ ನೋಡಬೇಕು, ಅದು ಬೇರೆಯೇ ಕಥೆ. (ಹಮ್ ನಿಲ್ಲಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ, ಅದು ಜೀವ ಕಾಯೋ ಪಿನ್.) ಹೀಟರನ್ನು ಡಿಸಿ ಮಾಡಿದರೆ ಹಮ್ ಇಳಿಯಬಹುದು, ಹಿಸ್ ಇಳಿಯಲ್ಲ.

ಹಿಸ್ ಯಾಕೆ ಇದೆ?

ಯಾವ ರೆಸಿಸ್ಟರ್ ಆದರೂ, ಬ್ಯಾಟರಿ ಹಚ್ಚದಿದ್ದರೂ, ತನ್ನ ಎರಡು ತುದಿಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟಿಸ್ತಾನೇ ಇರತ್ತೆ. ಒಳಗಿನ ಎಲೆಕ್ಟ್ರಾನ್‌ಗಳು ಶಾಖದಿಂದ ಸದಾ ಕುಣಿಯುತ್ತಿರೋದೇ ಕಾರಣ. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಕಾರಣ ವಿವರಿಸಿದರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. ಸ್ಯಾಂಪ್ಲಿಂಗ್ ಪಾಠದಲ್ಲಿ ಬರೋ ನೈಕ್ವಿಸ್ಟ್ ಇವರೇ.

ಸೂತ್ರ ಸರಳ: 4 × ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪಮಾನ × ರೆಸಿಸ್ಟೆನ್ಸ್ × ಬ್ಯಾಂಡ್‌ವಿಡ್ತ್, ಇದರ ವರ್ಗಮೂಲ. 300 ಕೆಲ್ವಿನ್, 10 ಕಿಲೊಹರ್ಟ್ಸ್ ಅಂತ ಇಟ್ಟುಕೊಂಡರೆ 10 ಕಿಲೊಓಮ್‌ಗೆ ಸುಮಾರು 1.3 ಮೈಕ್ರೋವೋಲ್ಟ್, 68 ಕಿಲೊಓಮ್‌ಗೆ ಸುಮಾರು 3.4 ಮೈಕ್ರೋವೋಲ್ಟ್ ಬರತ್ತೆ. 68 ಕಿಲೊಓಮ್ ಸುಮ್ಮನೆ ಆರಿಸಿದ್ದಲ್ಲ. 2203ರ ಇನ್‌ಪುಟ್ ಜಾಕ್ ಮತ್ತು ಮೊದಲ ಟ್ಯೂಬಿನ ಗ್ರಿಡ್ ನಡುವೆ ಕೂತಿರೋ ಗ್ರಿಡ್ ಸ್ಟಾಪರ್ ರೆಸಿಸ್ಟರ್ ಅಷ್ಟೇ ಇದೆ.

ಇನ್ನು ಟ್ಯೂಬಿನದು. ಕ್ಯಾಥೋಡಿನಿಂದ ಪ್ಲೇಟಿಗೆ ಎಲೆಕ್ಟ್ರಾನ್‌ಗಳು ನಲ್ಲಿ ನೀರಿನ ಹಾಗೆ ಒಂದೇ ಧಾರೆಯಾಗಿ ಹರಿಯಲ್ಲ. ತಗಡಿನ ಮೇಲೆ ಮಳೆ ಬಿದ್ದ ಹಾಗೆ ಹನಿಹನಿಯಾಗಿ ಬೀಳುತ್ತವೆ. ಆ ಸದ್ದೇ ಶಾಟ್ ನಾಯ್ಸ್. ಲೆಕ್ಕ ಹಾಕಿದರೆ ಆರೋಗ್ಯವಾಗಿರೋ 12ಎಎಕ್ಸ್7ನ ಶಾಟ್ ನಾಯ್ಸ್ ಬರೀ 1.6 ಕಿಲೊಓಮ್ ರೆಸಿಸ್ಟರಿನ ಹಿಸ್‌ಗೆ ಸಮ. ಅಂದ್ರೆ ಟ್ಯೂಬ್ ಚೆನ್ನಾಗಿದ್ದರೆ ಅದರ ಶಾಟ್ ನಾಯ್ಸ್‌ಗಿಂತ ಅದರ ಮುಂದಿರೋ ಚಿಕ್ಕ ರೆಸಿಸ್ಟರೇ ಜೋರು! ಟ್ಯೂಬ್ ಹಳೆಯದಾದಾಗ ಅಥವಾ ತಯಾರಿಕೆಯಲ್ಲೇ ದೋಷ ಇದ್ದಾಗ ಮಾತ್ರ ಲೆಕ್ಕ ತಿರುವುಮುರುವು.

ಹೈ-ಗೇನ್‌ನಲ್ಲೇ ಯಾಕೆ ಇಷ್ಟು ಕಾಟ?

ಗಿಟಾರಿನ ಸಿಗ್ನಲ್ 100 ಮಿಲಿವೋಲ್ಟ್, ಹಿಸ್ 4 ಮೈಕ್ರೋವೋಲ್ಟ್ ಅಂದುಕೊಳ್ಳಿ. 25,000 ಪಟ್ಟು ಅಂತರ, ಅಂದ್ರೆ 88 ಡೆಸಿಬೆಲ್. ಇದು ಕೇಳಿಸಲೇಬಾರದಿತ್ತು. ಆದರೆ ಹೈ-ಗೇನ್ ಆಂಪ್ ಕ್ಲಿಪ್ ಆಗತ್ತೆ. ಇನ್‌ಪುಟ್‌ನಲ್ಲಿ 2 ಮಿಲಿವೋಲ್ಟ್ ಬಂದರೆ ಸಾಕು ಕ್ಲಿಪ್ ಶುರು ಅಂತಿಟ್ಟುಕೊಂಡರೆ, ಅದಕ್ಕಿಂತ ದೊಡ್ಡ ಸಿಗ್ನಲ್‌ನ ತಲೆ ಅಲ್ಲೇ ಕತ್ತರಿಸಿ ಹೋಗತ್ತೆ. ಹಿಸ್ ಮಾತ್ರ ಪುಟ್ಟದಾದ್ದರಿಂದ ಪೂರ್ತಿ ಗೇನ್ ಪಡೆದುಕೊಂಡು ಹೊರಬರತ್ತೆ. ಈಗ ಅಂತರ 500 ಪಟ್ಟು, 54 ಡೆಸಿಬೆಲ್ ಅಷ್ಟೇ. ಹಾಗಾಗಿ ಡಿಸ್ಟಾರ್ಷನ್ ಬೇಕು ಅಂದವರು ಸ್ವಲ್ಪ ಹಿಸ್ಸನ್ನೂ ಒಪ್ಪಿಕೊಳ್ಳಲೇಬೇಕು.

ಮೊದಲ ಸ್ಟೇಜೇ ಯಜಮಾನ

ಮೊದಲ ಸ್ಟೇಜಿನ ಗೇನ್ ಸುಮಾರು 55. ಇನ್‌ಪುಟ್‌ನ 4 ಮೈಕ್ರೋವೋಲ್ಟ್ ಹಿಸ್ ಅದರ ಪ್ಲೇಟಿಗೆ ಬರೋ ಹೊತ್ತಿಗೆ 220 ಮೈಕ್ರೋವೋಲ್ಟ್. ಎರಡನೇ ಸ್ಟೇಜ್ ತನ್ನ ಪಾಲಿಗೆ 6 ಮೈಕ್ರೋವೋಲ್ಟ್ ಸೇರಿಸಿತು ಅನ್ನೋಣ. ಸಂಬಂಧವಿಲ್ಲದ ಎರಡು ನಾಯ್ಸ್‌ಗಳು ನೇರವಾಗಿ ಕೂಡಲ್ಲ, ವರ್ಗಗಳಾಗಿ ಕೂಡುತ್ತವೆ. 220ರ ವರ್ಗಕ್ಕೆ 6ರ ವರ್ಗ ಸೇರಿಸಿ ಮೂಲ ತೆಗೆದರೆ 220.08. ಎರಡನೇ ಸ್ಟೇಜ್ ಲೆಕ್ಕಕ್ಕೇ ಇಲ್ಲ! ಗೇನ್ ನಾಬ್ ಅರ್ಧಕ್ಕೆ ಇಳಿಸಿ 110 ಮಾಡಿದರೂ ಒಟ್ಟು ಮೊತ್ತ 110.2 ಆಗತ್ತೆ ಅಷ್ಟೇ.

ಕಮ್ಯುನಿಕೇಷನ್ ವಿಷಯದಲ್ಲಿ ಬರೋ ಫ್ರೀಸ್ ಅವರ 1944ರ ನಾಯ್ಸ್ ಫಿಗರ್ ಸೂತ್ರ ಹೇಳೋದೂ ಇದನ್ನೇ. ನಮ್ಮ ಮನೆಗಳ ಮೇಲಿರೋ ಡಿಟಿಎಚ್ ಡಿಶ್ ನೋಡಿ. ಮೊದಲ ಆಂಪ್ಲಿಫೈಯರ್ ಇರೋ ಎಲ್‌ಎನ್‌ಬಿ ಕೆಳಗೆ ಟಿವಿ ಹತ್ತಿರ ಇಲ್ಲ, ಡಿಶ್ಶಿನ ಮುಂದೆಯೇ ಕೂತಿದೆ. ಸಿಗ್ನಲ್ ಕೇಬಲಿನಲ್ಲಿ ಸೊರಗೋ ಮೊದಲೇ, ಕಡಿಮೆ ನಾಯ್ಸ್‌ನಲ್ಲಿ ಅದನ್ನು ದೊಡ್ಡದು ಮಾಡಬೇಕು ಅಂತ.

ನಾಬ್‌ಗಳಿಂದಲೇ ಪತ್ತೆ

ಆಂಪನ್ನು ಬಿಚ್ಚದೆ ಮಾಡಬಹುದಾದ ಪರೀಕ್ಷೆ ಇದು. ಸ್ಪೀಕರ್ ಹಚ್ಚಿರಲೇಬೇಕು. ಲೋಡ್ ಇಲ್ಲದೆ ಟ್ಯೂಬ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

1. ಆಂಪಿನ ಜಾಕ್‌ನಿಂದ ಕೇಬಲ್ ಕೀಳಿ. ಆಗ ಜಾಕಿನ ಸ್ವಿಚ್ಚೇ ಇನ್‌ಪುಟ್ಟನ್ನು ಗ್ರೌಂಡ್ ಮಾಡತ್ತೆ. ಗಿಟಾರಿನ ತುದಿಯಲ್ಲಿ ಮಾತ್ರ ಕಿತ್ತು ಕೇಬಲ್ಲನ್ನು ನೇತಾಡಲು ಬಿಟ್ಟರೆ ಪರೀಕ್ಷೆ ಕೆಟ್ಟ ಹಾಗೆ. ಕೇಬಲ್ ಕಿತ್ತಾಗ ಹಿಸ್ ತುಂಬಾ ಇಳಿದರೆ ಮೂಲ ಗಿಟಾರ್ ಅಥವಾ ಪೆಡಲ್.
2. ಮಾಸ್ಟರ್ ಸೊನ್ನೆಗೆ ತನ್ನಿ. 2203ರಲ್ಲಿ ಮಾಸ್ಟರ್ ಇರೋದು ಟೋನ್ ನಾಬ್‌ಗಳಾದ ಮೇಲೆ, ಫೇಸ್ ಇನ್ವರ್ಟರ್‌ಗಿಂತ ಮುಂಚೆ. ಈಗಲೂ ಹಿಸ್ ಇದ್ದರೆ ಅದು ಫೇಸ್ ಇನ್ವರ್ಟರ್ ಅಥವಾ ಪವರ್ ಆಂಪಿನದು.
3. ಮಾಸ್ಟರ್ ಮಾಮೂಲಿ ಜಾಗಕ್ಕೆ ಏರಿಸಿ, ಪ್ರೀಆಂಪ್ ಗೇನ್ ಸೊನ್ನೆ ಮಾಡಿ. ಉಳಿದ ಹಿಸ್ ಗೇನ್ ನಾಬಿನ ನಂತರದ ಸ್ಟೇಜ್‌ಗಳದ್ದು.
4. ಈಗ ಗೇನ್ ನಿಧಾನವಾಗಿ ಏರಿಸಿ. ಅದರ ಜೊತೆಗೇ ಹಿಸ್ಸೂ ಏರಿದರೆ ಮೊದಲ ಸ್ಟೇಜ್ ಸಿಕ್ಕಿಬಿತ್ತು. ಹೆಚ್ಚಿನ ಸಲ ಆಗೋದು ಇದೇ.

ಖರ್ಚಿಲ್ಲದ ಮೊದಲ ಮದ್ದು

ಹೊಸ ಟ್ಯೂಬ್ ತರೋ ಮೊದಲು ಇರೋದನ್ನೇ ಅದಲುಬದಲು ಮಾಡಿ ನೋಡಿ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬ್ ತಣ್ಣಗಾಗಲು ಬಿಡಿ. ಆಮೇಲೆ ಮೊದಲ ಜಾಗದ 12ಎಎಕ್ಸ್7 ಮತ್ತು ಫೇಸ್ ಇನ್ವರ್ಟರ್ ಜಾಗದ 12ಎಎಕ್ಸ್7 ಎರಡನ್ನೂ ಪರಸ್ಪರ ಬದಲಿಸಿ. ಫೇಸ್ ಇನ್ವರ್ಟರ್ ಆದಮೇಲೆ ಗೇನ್ ಕಡಿಮೆ, ಹಾಗಾಗಿ ಗಲಾಟೆ ಟ್ಯೂಬ್ ಅಲ್ಲಿ ಕೂತರೂ ಅದರ ದನಿ ಹೊರಗೆ ಬರಲ್ಲ. ಹಿಸ್ ಇಳಿದರೆ ಒಂದು ಪೈಸೆ ಖರ್ಚಿಲ್ಲದೆ ಕೆಲಸ ಮುಗೀತು. ಇಳಿಯದಿದ್ದರೆ ಟ್ಯೂಬ್ ಬಹುಶಃ ನಿರಪರಾಧಿ. ಪವರ್ ಟ್ಯೂಬ್‌ಗಳ ತಂಟೆಗೆ ಮಾತ್ರ ಹೋಗಬೇಡಿ, ಅವಕ್ಕೆ ಬಯಾಸ್ ಸರಿಹೊಂದಿಸಬೇಕಾಗತ್ತೆ.

ಆಂಪಿನ ಒಳಗಿನ ಮದ್ದುಗಳು

ಇಲ್ಲಿ ಒಂದು ಎಚ್ಚರಿಕೆ. ಒಳಗಿನ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿಗೂ ಹೆಚ್ಚು ಡಿಸಿ ಇರತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳೋದು ಗೊತ್ತಿಲ್ಲದವರು ಒಳಗೆ ಕೈ ಹಾಕಬಾರದು. ಕೆಳಗಿನ ಪಟ್ಟಿಯನ್ನು ಗೊತ್ತಿರೋ ಟೆಕ್ನಿಷಿಯನ್ ಕೈಗೆ ಕೊಡಿ, ಪಕ್ಕದಲ್ಲಿ ನಿಂತು ಕಲಿಯಿರಿ.

ಪ್ಲೇಟ್ ರೆಸಿಸ್ಟರ್: ಮೊದಲ ಸ್ಟೇಜಿನ 100 ಕಿಲೊಓಮ್ ರೆಸಿಸ್ಟರ್ ಮೇಲೆ ನೂರು ವೋಲ್ಟಿನ ಆಸುಪಾಸು ಡಿಸಿ ಬೀಳತ್ತೆ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳು ಡಿಸಿ ಬಿದ್ದಷ್ಟೂ ಹೆಚ್ಚುವರಿ ನಾಯ್ಸ್ ಕೊಡುತ್ತವೆ, ಮೆಟಲ್ ಫಿಲ್ಮ್‌ನಲ್ಲಿ ಈ ಕಾಟ ತೀರಾ ಕಡಿಮೆ. ಇದೊಂದನ್ನು 1 ವ್ಯಾಟಿನ ಮೆಟಲ್ ಫಿಲ್ಮ್‌ಗೆ ಬದಲಿಸಿದರೆ ದಕ್ಕೋ ಲಾಭ ಜಾಸ್ತಿ.

ಗ್ರಿಡ್ ಸ್ಟಾಪರ್: 68 ಕಿಲೊಓಮನ್ನು 10ಕ್ಕೆ ಇಳಿಸಿದರೆ ಅದರ ಹಿಸ್ 3.4ರಿಂದ 1.3 ಮೈಕ್ರೋವೋಲ್ಟಿಗೆ ಇಳಿಯತ್ತೆ. ಆದರೆ ಅದು ಸುಮ್ಮನೆ ಕೂತಿಲ್ಲ. ಟ್ಯೂಬಿನ ಮಿಲ್ಲರ್ ಕೆಪಾಸಿಟೆನ್ಸ್ ಜೊತೆ ಸೇರಿ ಸುಮಾರು 20 ಕಿಲೊಹರ್ಟ್ಸ್‌ಗಿಂತ ಮೇಲಿನದ್ದನ್ನು ತಡೆಯೋ ಫಿಲ್ಟರ್ ಆಗಿದೆ. 10 ಕಿಲೊಓಮ್ ಮಾಡಿದರೆ ಬಾಗಿಲು ಏಳು ಪಟ್ಟು ಅಗಲ. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ನಿಮ್ಮ ಸೋಲೋ ನಡುವೆ ವಾರ್ತೆ ಓದೋ ಸಾಧ್ಯತೆ ಆಗ ಹೆಚ್ಚು. 22 ಅಥವಾ 33 ಕಿಲೊಓಮ್ ಒಳ್ಳೆ ರಾಜಿ. ಅದನ್ನು ಟ್ಯೂಬ್ ಸಾಕೆಟ್ಟಿನ ಪಿನ್ನಿಗೇ ಅಂಟಿದ ಹಾಗೆ ಸೋಲ್ಡರ್ ಮಾಡಬೇಕು.

ಬ್ಯಾಂಡ್‌ವಿಡ್ತ್: ಗಿಟಾರ್ ಸ್ಪೀಕರ್ ಸುಮಾರು 5 ಕಿಲೊಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಸಲ್ಲ. ಆರಂಭದ ಒಂದು ಸ್ಟೇಜಿನ ಪ್ಲೇಟ್ ರೆಸಿಸ್ಟರಿಗೆ ಸಮಾನಾಂತರವಾಗಿ 470 ಪಿಕೊಫ್ಯಾರಡ್ ಕೆಪಾಸಿಟರ್ (500 ವೋಲ್ಟ್ ಅಥವಾ ಹೆಚ್ಚು ರೇಟಿಂಗಿನದು) ಹಾಕಿದರೆ ಸುಮಾರು 9 ಕಿಲೊಹರ್ಟ್ಸ್‌ನಿಂದ ಇಳಿಜಾರು ಶುರುವಾಗತ್ತೆ. ಹಿಸ್ಸಿನ ಚೂಪು ಹೋಗತ್ತೆ, ಟೋನ್ ಸ್ವಲ್ಪ ಮಂಕಾಗಬಹುದು. 2203ರ ಗೇನ್ ನಾಬಿನ ಮೇಲಿರೋ 1 ನ್ಯಾನೊಫ್ಯಾರಡ್ ‘ಬ್ರೈಟ್’ ಕೆಪಾಸಿಟರ್ ಇದಕ್ಕೆ ಉಲ್ಟಾ ಕೆಲಸ ಮಾಡತ್ತೆ. ಗೇನ್ ಇಳಿಸಿದರೂ ಟ್ರೆಬಲ್ ಜೊತೆ ಹಿಸ್ಸನ್ನೂ ಕಳ್ಳದಾರಿಯಲ್ಲಿ ದಾಟಿಸತ್ತೆ. ಅದನ್ನು ಚಿಕ್ಕದು ಮಾಡಿದರೂ ವ್ಯತ್ಯಾಸ ಕೇಳಿಸತ್ತೆ.

ನಿಮ್ಮ ಗಿಟಾರೂ ಪಾಲುದಾರ

500 ಕಿಲೊಓಮಿನ ವಾಲ್ಯೂಮ್ ಪಾಟ್ ಪೂರ್ತಿ ತೆರೆದಾಗ ಆಂಪಿಗೆ ಕಾಣೋದು ಪಿಕಪ್ಪಿನ ಸುಮಾರು 8 ಕಿಲೊಓಮ್ (ಇಂಡಕ್ಟೆನ್ಸ್ ಸದ್ಯಕ್ಕೆ ಪಕ್ಕಕ್ಕಿಡೋಣ). ಪಾಟಿನ ರೆಸಿಸ್ಟೆನ್ಸ್ ಸರಿ ಅರ್ಧಕ್ಕೆ ಬಂದಾಗ ಕಾಣೋದು ಸುಮಾರು 127 ಕಿಲೊಓಮ್! ಪೂರ್ತಿ ತೆರೆದಿದ್ದರೆ ಗ್ರಿಡ್ ಸ್ಟಾಪರ್ ಅನ್ನು 68ರಿಂದ 10ಕ್ಕೆ ಇಳಿಸಿದ ಲಾಭ ಲೆಕ್ಕದಲ್ಲಿ 6 ಡೆಸಿಬೆಲ್, ಅರ್ಧದಲ್ಲಿ 1.5 ಮಾತ್ರ. ಹಾಗಾಗಿ ಅರ್ಧ ವಾಲ್ಯೂಮಿನಲ್ಲೇ ನುಡಿಸೋರು ಸೋಲ್ಡರಿಂಗ್ ಐರನ್ ಹಿಡಿಯೋ ಮೊದಲು ಯೋಚಿಸಿ. ವಾಲ್ಯೂಮ್ ಪೂರ್ತಿ ತೆರೆದು ಆಂಪಿನ ಗೇನ್ ಇಳಿಸೋದೇ ಅವರಿಗೆ ಉತ್ತಮ ಮದ್ದು.

ಎಲ್ಲಿಗೆ ನಿಲ್ಲಿಸಬೇಕು?

ನಾಯ್ಸ್ ಗೇಟ್ ಹಾಕಬಹುದು, ಆದರೆ ಅದು ಮೌನದಲ್ಲಿ ಬಾಗಿಲು ಮುಚ್ಚತ್ತೆ ಅಷ್ಟೇ. ನುಡಿಸುವಾಗ ಹಿಸ್ ಒಳಗೇ ಇರತ್ತೆ. ಮೊದಲ ಟ್ಯೂಬಿನ ಬದಲು ಕಡಿಮೆ ಗೇನಿನ 5751 ಹಾಕಿದರೆ ಸಿಗ್ನಲ್ಲೂ ಹಿಸ್ಸೂ ಜೊತೆಗೇ ಇಳಿಯುತ್ತವೆ. ಅದು ಗೇನ್ ನಾಬ್ ಇಳಿಸಿದ ಹಾಗೇ. ಇನ್ನು ಶಾಖದ ಕುಣಿತವನ್ನು ನಿಲ್ಲಿಸೋಕೆ ಆಗಲ್ಲ. ಆ ರೆಸಿಸ್ಟರನ್ನು ಫ್ರಿಜ್ಜಿನಲ್ಲಿಟ್ಟು 300 ಕೆಲ್ವಿನ್‌ನಿಂದ 275ಕ್ಕೆ ತಂದರೂ ಗಿಟ್ಟೋದು ಅರ್ಧ ಡೆಸಿಬೆಲ್ಲಿಗೂ ಕಡಿಮೆ.

ಕೊನೆಗೆ ಹೀಗೆ ನಿರ್ಧರಿಸಿ: ಕೇಬಲ್ ಕಿತ್ತಾಗಿನ ಹಿಸ್‌ಗಿಂತ ಗಿಟಾರ್ ಹಚ್ಚಿದಾಗಿನ ಹಿಸ್ ಸ್ಪಷ್ಟವಾಗಿ ಜೋರಾಗಿದ್ದರೆ ಆಂಪ್ ತನ್ನ ಕೆಲಸ ಸರಿಯಾಗೇ ಮಾಡ್ತಿದೆ ಅಂತ ಅರ್ಥ. ಅಲ್ಲಿಂದಾಚೆಗೆ ಆಂಪಿಗೆ ಸುರಿಯೋ ದುಡ್ಡು ವ್ಯರ್ಥ. ಅದರಲ್ಲಿ ಹೊಸ ತಂತಿ ಸೆಟ್ ತಗೊಳ್ಳಿ, ಪ್ರಾಕ್ಟೀಸ್ ಮಾಡಿ!